ಪಕ್ಕದ ಹೊಲದವರಿಗೆ ನಾಟಿ ಪೈರು (ಸಸಿ) ಕೊಡಬೇಕು ಅಂತಿದ್ದೇನೆ, ಹೇಗೆ ಕೊಟ್ಟರೆ ಜಗಳ ಆಗಲ್ಲ?

ಹೊಂಗೆಮರ (ಪಾಂಡವಪುರ ತಾಲ್ಲೂಕು), 2025 ಏಪ್ರಿಲ್ 6

ಎಲ್ಲರಿಗೂ ನಮಸ್ಕಾರ. ಇಲ್ಲಿ ಓದುವುದೇ ಜಾಸ್ತಿ, ಬರೆದಿದ್ದು ಕಡಿಮೆ. ಈಗ ಒಂದು ವಿಷಯಕ್ಕೆ ನಿಮ್ಮ ಮಾತು ಬೇಕು.

ನಮ್ಮದು ಅಪ್ಪ, ಚಿಕ್ಕಪ್ಪ ಸೇರಿ 26 ಎಕರೆ. ಹತ್ತು ಎಕರೆ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಬಯಲು. ಮಿಕ್ಕಿದ್ದು ಮೇಲುಕೋಟೆ ಕಡೆಗೆ ಹತ್ತಿಕೊಂಡಿರುವ ಖುಷ್ಕಿ, ಮಳೆ ನಂಬಿದ ಹೊಲ. ಸರ್ಕಾರದ ಲೆಕ್ಕದಲ್ಲಿ 10 ಹೆಕ್ಟೇರ್, ಅಂದರೆ 25 ಎಕರೆ ದಾಟಿದರೆ ದೊಡ್ಡ ಹಿಡುವಳಿ. ಪಹಣಿಯಲ್ಲಿ ಆರು ಹೆಸರು ಇರುವುದರಿಂದ ಕಾಗದದ ಮೇಲೆ ನಾವೂ ಸಣ್ಣ ರೈತರೇ. ಆದರೆ ಊರಲ್ಲಿ ಯಾರನ್ನು ಕೇಳಿದರೂ ನಮ್ಮದು "ದೊಡ್ಡಮನೆ". ಸುತ್ತ ಇರುವವರದ್ದು ಒಂದು, ಒಂದೂವರೆ ಎಕರೆ. ಕೆಲವರದ್ದು 20 ಗುಂಟೆ.

2023 ನೆನಪಿದೆ ಅಲ್ವಾ? ಆಗಸ್ಟ್ ತಿಂಗಳು ಪೂರ್ತಿ ಒಣಗಿತು. 1901ರಿಂದ ಇಟ್ಟಿರುವ ಲೆಕ್ಕದಲ್ಲಿ ದೇಶಕ್ಕೆ ಅಷ್ಟು ಒಣ ಆಗಸ್ಟ್ ಬಂದಿರಲಿಲ್ಲವಂತೆ. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾಯಿತು. ಪಕ್ಕದ ಹೊಲದ ಅಣ್ಣ ಎರಡು ಸಲ ರಾಗಿ ಬಿತ್ತಿದ. ಎರಡು ಸಲವೂ ಮೊಳಕೆ ಸುಟ್ಟುಹೋಯಿತು. ಆಮೇಲೆ ಒಂದು ಹದ ಮಳೆ ಬಂತು, ನೆಲ ಬಿತ್ತುವಷ್ಟು ತೇವವಾಯಿತು. ಅಷ್ಟೊತ್ತಿಗೆ ಅವನ ಹತ್ತಿರ ಬೀಜವೂ ಇಲ್ಲ, ದಿನವೂ ಇಲ್ಲ. ಅದೇ ವಾರ ನಮ್ಮ ಬೋರ್ ಕೆಳಗಿನ ಒಟ್ಲಿನಲ್ಲಿ (ಸಸಿ ಎಬ್ಬಿಸುವ ಮಡಿಯಲ್ಲಿ) ರಾಗಿ ಪೈರು ಮಿಕ್ಕಿತ್ತು. ಎಮ್ಮೆಗೆ ಹಾಕಿದೆವು. ಅವನು ಕೇಳಲಿಲ್ಲ, ನಾವೂ ಕರೆಯಲಿಲ್ಲ. ಆಮೇಲೆ ಅವನು ಎರಡು ಹಸು ಮಾರಿದ ಅಂತ ಡೇರಿಯಲ್ಲಿ ಗೊತ್ತಾಯಿತು.

ಅದು ಮನಸ್ಸಿನಲ್ಲೇ ಉಳಿದಿದೆ. ಈ ವರ್ಷ ಅರ್ಧ ಎಕರೆಯಲ್ಲಿ ಒಟ್ಲು ಬಿಟ್ಟು, ಮಳೆ ಕೈಕೊಟ್ಟವರಿಗೆ ಪೈರು ಕೊಡೋಣ ಅಂತ ನನ್ನ ಯೋಚನೆ. ಟ್ರ್ಯಾಕ್ಟರ್, ರೋಟವೇಟರ್, ಸ್ಪ್ರಿಂಕ್ಲರ್ ಪೈಪು ಕೂಡ ಇವೆ. ಅಪ್ಪ ಬೇಡ ಅಂತಾರೆ. "ಒಂದ್ ವರ್ಸ ಕೊಟ್ರೆ ಉಪ್ಕಾರ, ಎರಡ್ನೇ ವರ್ಸ ಹಕ್ಕು, ಮೂರ್ನೇ ವರ್ಸ ಕೊಡ್ದಿದ್ರೆ ದ್ವೇಸ" ಅಂತ ಅವರ ಮಾತು. ಯಾರಾದರೂ ಇಂಥದ್ದು ಮಾಡಿದ್ದೀರಾ?

ಕೊನೆತೂಬು (ಮಳವಳ್ಳಿ), ಏಪ್ರಿಲ್ 6

ಗೌಡ್ರೆ, ಪೈರು ಆಮೇಲೆ ಕೊಡಿ. ಮೊದಲು ನೀರು ಬಿಡಿ.

ಬೇಜಾರಾಗಬೇಡಿ, ನಿಮ್ಮೊಬ್ಬರಿಗೆ ಹೇಳುತ್ತಿಲ್ಲ. ನಮ್ಮದು ನಾಲೆಯ ಕೊನೆ ಭಾಗ. ಕಟ್ಟು ಪದ್ಧತಿಯಲ್ಲಿ (ಕೆಲವು ದಿನ ಬಿಟ್ಟು, ಕೆಲವು ದಿನ ನಿಲ್ಲಿಸಿ) ನೀರು ಬಿಟ್ಟಾಗ ಮೇಲಿನವರ ಗದ್ದೆ ತುಂಬಿ, ಬದು ಉಕ್ಕಿ, ಹಳ್ಳಕ್ಕೆ ಹರಿದ ಮೇಲೆ ನಮಗೆ ತಲುಪುತ್ತದೆ. ತಲುಪುವಷ್ಟರಲ್ಲಿ ಕಟ್ಟು ಮುಗಿದಿರುತ್ತದೆ. ನೀರು ಹಂಚುವ ನೀರುಗಂಟಿಯನ್ನು ಕೇಳಿದರೆ "ಮೇಲೆ ತೂಬು ಮುಚ್ಚಕ್ಕೆ ಬಿಡ್ತಿಲ್ಲ" ಅಂತಾನೆ. ಮುಚ್ಚುವುದಕ್ಕೆ ಬಿಡದವರು ಯಾರು? ಎರಡು ಎಕರೆಯವನಿಗೆ ಅಷ್ಟು ಧೈರ್ಯ ಎಲ್ಲಿಂದ ಬರಬೇಕು?

ಬರಗಾಲದಲ್ಲೂ ಹತ್ತು ಎಕರೆ ಕಬ್ಬು ನಿಲ್ಲಿಸಿಕೊಂಡು, ಆಮೇಲೆ ಪಕ್ಕದವನಿಗೆ ಒಂದು ಹೊರೆ ಪೈರು ಕೊಟ್ಟು ಫೋಟೋ ಹಾಕುವವರನ್ನೂ ನೋಡಿದ್ದೇನೆ.

ಬೆಲ್ಲದಚ್ಚು (ಮದ್ದೂರು), ಏಪ್ರಿಲ್ 6

ದೊಡ್ಡವರು ಕೊಡೋದು ಒಂದು ಕೈಯಲ್ಲಿ, ತಗೊಳ್ಳೋದು ಎರಡು ಕೈಯಲ್ಲಿ. ಅಷ್ಟೇ ನನ್ನ ಅಭಿಪ್ರಾಯ.

ನಾಟಿರಾಗಿ (ಮಂಡ್ಯ), ಏಪ್ರಿಲ್ 7

ಹೊಂಗೆಮರ, ನಾನು ಕೃಷಿ ಇಲಾಖೆಯಲ್ಲಿ ಹೋಬಳಿ ಮಟ್ಟದಲ್ಲಿ ಕೆಲಸ ಮಾಡಿ ನಿವೃತ್ತನಾದವನು. ನಿಮ್ಮ ಯೋಚನೆ ಹೊಸದೇನಲ್ಲ. ಮಳೆ ತಡವಾದ ವರ್ಷ ಊರಿಗೆ ಸೇರಿ ಒಂದು ಒಟ್ಲು ಬಿಡಿ ಅಂತ ನಾವು ಸಭೆಗಳಲ್ಲಿ ಹೇಳುತ್ತಿದ್ದೆವು. ಕೇಳಿ ತಲೆ ಆಡಿಸಿ ಹೋಗುತ್ತಿದ್ದರು. ಮಾಡಿದವರು ಬೆರಳೆಣಿಕೆ. ಹಾಗಾಗಿ ಮಾಡುವ ಮನಸ್ಸು ಇರುವವರಿಗೆ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಇದರಲ್ಲಿ ಬೀಜಕ್ಕಿಂತ ದಿನ ಮುಖ್ಯ. ರಾಗಿ ಪೈರು 21ರಿಂದ 25 ದಿನಕ್ಕೆ ನಾಟಿಗೆ ಬರುತ್ತದೆ. ಅದನ್ನು ಒಟ್ಲಿನಲ್ಲೇ 40 ದಿನ ನಿಲ್ಲಿಸಿದರೆ ಅಲ್ಲೇ ಗಣ್ಣು ಬಿಟ್ಟುಕೊಂಡು ಕೂರುತ್ತದೆ, ಹೊಲಕ್ಕೆ ಹೋದ ಮೇಲೆ ತೆಂಡೆ (ಬುಡದ ಮರಿ ಕವಲು) ಹೊಡೆಯುವುದಿಲ್ಲ. ಮಳೆ ಯಾವತ್ತು ಬರುತ್ತದೆ ಅಂತ ನಿಮಗೆ ಗೊತ್ತಿಲ್ಲ. ಆದ್ದರಿಂದ ಒಂದೇ ಸಲ ಅರ್ಧ ಎಕರೆ ಒಟ್ಲು ಬಿಡಬೇಡಿ. ಮೂರು ಭಾಗ ಮಾಡಿ, ಹದಿನೈದು ದಿನಕ್ಕೊಂದು ಬಿಡಿ. ಯಾವಾಗ ಹದವಾದರೂ ಒಂದಲ್ಲ ಒಂದು ಮಡಿ ಸರಿಯಾದ ವಯಸ್ಸಿನಲ್ಲಿ ಇರುತ್ತದೆ.

ಎಕರೆ ರಾಗಿ ನಾಟಿಗೆ 2 ಕೆಜಿ ಬೀಜ, ಎರಡು ಎರಡೂವರೆ ಗುಂಟೆ ಒಟ್ಲು ಸಾಕು. ನಿಮ್ಮ 20 ಗುಂಟೆಯಲ್ಲಿ ಎಂಟು ಎಕರೆಗೆ ಆಗುತ್ತದೆ. ಎಂಟು ಎಕರೆ ಅಂದರೆ ನಿಮ್ಮ ಸುತ್ತ ಆರೇಳು ಮನೆ. ಭತ್ತಕ್ಕೆ ಈ ಲೆಕ್ಕ ಹಿಡಿಯಬೇಡಿ, ಅದಕ್ಕೆ ಎಕರೆಗೆ 25 ಕೆಜಿ ಬೀಜ ಬೇಕು, ಜಾಗವೂ ಜಾಸ್ತಿ.

ತಳಿ ಕೂಡ ದಿನ ನೋಡಿಕೊಂಡು. ಜೂನ್, ಜುಲೈಗೆ ಎಂಆರ್-1, ಎಂಆರ್-6 ತರದ ಉದ್ದ ಅವಧಿಯವು. ಜುಲೈ ಕೊನೆ, ಆಗಸ್ಟ್‌ಗೆ ಜಿಪಿಯು-28 ಅಥವಾ ಎಂಎಲ್-365. ಆಗಸ್ಟ್ ದಾಟಿತು ಅಂದರೆ ಜಿಪಿಯು-48 ಅಥವಾ ಇಂಡಾಫ್-9, ನೂರು ದಿನದ ಆಸುಪಾಸಿನಲ್ಲಿ ಕೈಗೆ ಬರುವಂಥವು. ತಡವಾದಾಗ ಉದ್ದ ಅವಧಿಯ ತಳಿ ಹಾಕಿದರೆ ತೆನೆ ಹಾಲುಗಟ್ಟುವ ಹೊತ್ತಿಗೆ ನೆಲದಲ್ಲಿ ತೇವ ಇರುವುದಿಲ್ಲ, ಜೊಳ್ಳು ಕಾಳು. 2023ರಲ್ಲಿ ಎಷ್ಟೋ ಜನ ಮನೆಯಲ್ಲಿದ್ದ ಬೀಜವನ್ನೇ ಹಾಕಿ ಕೆಟ್ಟರು. ಮೂರನೇ ಮಡಿಗೆ ಬೇರೆ ತಳಿ ಇರಲಿ ಅನ್ನುವುದು ಅದಕ್ಕೇ.

(ಇಂಡಾಫ್ ಅಂದರೆ ಏನು ಅಂತ ಈಗಿನ ಹುಡುಗರಿಗೆ ಗೊತ್ತಿಲ್ಲ. ಇಂಡಿಯಾ, ಆಫ್ರಿಕಾ ರಾಗಿಗಳನ್ನು ಕೂಡಿಸಿ ಮಾಡಿದ್ದು. ನಮ್ಮ ಮಂಡ್ಯದ ವಿ.ಸಿ. ಫಾರಂ ಕೃಷಿ ಸಂಶೋಧನಾ ಕೇಂದ್ರದಲ್ಲಿ ಕೂತು ಆ ಕೆಲಸ ಮಾಡಿದವರು ರಾಗಿ ಲಕ್ಷ್ಮಣಯ್ಯ. ಮಂಡ್ಯದವರು ಕಬ್ಬಿನ ಜತೆ ಅವರನ್ನೂ ನೆನೆಸಿಕೊಳ್ಳಬೇಕು.)

ಒಂದು ಎಚ್ಚರಿಕೆ. ಎಲ್ಲರಿಗೂ ಒಂದೇ ಒಟ್ಲಿನಿಂದ ಪೈರು ಹೋದರೆ ರೋಗವೂ ಅಲ್ಲಿಂದಲೇ ಹೋಗುತ್ತದೆ. ಒಟ್ಲಿನಲ್ಲಿ ಬೆಂಕಿರೋಗದ ಚುಕ್ಕೆ ಕಂಡರೆ ಆ ಮಡಿಯನ್ನು ಯಾರಿಗೂ ಕೊಡಬೇಡಿ. ಬೀಜೋಪಚಾರ ತಪ್ಪಿಸಬೇಡಿ.

ಹೊಂಗೆಮರ, ಏಪ್ರಿಲ್ 7

ಸರ್, ತುಂಬಾ ಉಪಕಾರ. ಒಂದು ಸಂಶಯ. ಮಳೆ ಹೊತ್ತಿಗೆ ಸರಿಯಾಗಿ ಬಂದುಬಿಟ್ಟರೆ? ಮೂರನೇ ಮಡಿ ದಂಡ ಅಲ್ವಾ?

ನಾಟಿರಾಗಿ, ಏಪ್ರಿಲ್ 7

ದಂಡವೇ. 6 ಗುಂಟೆ ರಾಗಿ ಪೈರು ಎಮ್ಮೆ ತಿನ್ನುತ್ತದೆ, ಎಮ್ಮೆಗೆ ದಂಡ ಅಲ್ಲ. ನಿಮಗೆ ಹೋಗುವುದು ಎರಡು ಚಿಲ್ಲರೆ ಸಾವಿರ. ಒಂದೂವರೆ ಎಕರೆಯವನು ಆ ದಂಡ ಹಾಕಿಕೊಳ್ಳಲಾರ, ನೀವು ಹಾಕಿಕೊಳ್ಳಬಲ್ಲಿರಿ.

ಸಸಿಮಡಿ (ಹುಣಸೂರು), ಏಪ್ರಿಲ್ 7

ನಮ್ಮ ಕಡೆ ಹೊಗೆಸೊಪ್ಪಿಗೆ ಸಸಿ ಮಡಿ ಮಾಡುವುದು ಮಾಮೂಲು. ಆದ್ದರಿಂದ ಇದರ ಇನ್ನೊಂದು ಮುಖ ಗೊತ್ತು. ಮಳೆ ಹೆಚ್ಚುಕಮ್ಮಿ ಆಗಿ ಒಬ್ಬರ ನಾಟಿ ಒಣಗಿತು ಅಂದರೆ, ಸಸಿ ಮಿಕ್ಕಿರುವವನು ರಾತ್ರೋರಾತ್ರಿ ರೇಟು ಏರಿಸುತ್ತಾನೆ. ತಪ್ಪು ಅಂತ ಹೇಳೋಕಾಗಲ್ಲ, ಅವನೂ ದುಡ್ಡು ಹಾಕಿರುತ್ತಾನೆ. ಆದರೆ ನಿಜವಾಗಲೂ ಉಪಕಾರ ಆಗಬೇಕು ಅಂದರೆ ಮಳೆಗೆ ಮೊದಲೇ ರೇಟು ಹೇಳಿಬಿಡಿ. ಬೀಜ, ಗೊಬ್ಬರ, ಕರೆಂಟು ಕೂಡಿಸಿ ಎಕರೆ ಪೈರಿಗೆ ಇಷ್ಟು ಅಂತ. ಬಿಟ್ಟಿ ಕೊಡಬೇಡಿ. ಬಿಟ್ಟಿ ಪೈರು ತಗೊಂಡವನು ನಿಮ್ಮ ಮುಂದೆ ಬಾಯಿ ಬಿಡೋಕಾಗಲ್ಲ. "ಪೈರು ಸೊರಗಿದೆ" ಅಂತ ಕೂಡ ಹೇಳಲ್ಲ, ತಗೊಂಡು ಹೋಗಿ ನಾಟಿ ಮಾಡ್ತಾನೆ.

ಹೊಲದಮನೆ ಅಕ್ಕ (ನಾಗಮಂಗಲ), ಏಪ್ರಿಲ್ 8

ಗಂಡಸರೆಲ್ಲ ಬೀಜ, ತಳಿ, ರೇಟು ಮಾತಾಡುತ್ತಿದ್ದೀರಿ. ಆಳಿನ ಮಾತು ಯಾರೂ ಎತ್ತಲಿಲ್ಲ.

ನಮ್ಮೂರಲ್ಲಿ ಒಬ್ಬರು ದೊಡ್ಡ ಜಮೀನಿನವರು ಆರೇಳು ವರ್ಷದಿಂದ ಪೈರು ಕೊಡುತ್ತಾರೆ. ದುಡ್ಡು ಕೇಳಲ್ಲ. "ನಮ್ಮನೆ ನಾಟಿಗೆ ನಾಲ್ಕು ದಿನ ಬಂದುಬಿಡವ್ವ" ಅಂತಾರೆ, ಅಷ್ಟೇ. ಕೇಳೋಕೆ ಚೆನ್ನಾಗಿದೆ. ಆದರೆ ಅವರ ಮನೆ ನಾಟಿ ಯಾವತ್ತು? ಮಳೆ ಬಿದ್ದ ಮಾರನೇ ದಿನ. ನಮ್ಮ ಮನೆ ನಾಟಿ ಯಾವತ್ತು? ಅದೇ ದಿನ. ಅವರದ್ದು ಮುಗಿಸಿ ನಮ್ಮ ಹೊಲಕ್ಕೆ ಬರುವಷ್ಟರಲ್ಲಿ ಹದ ಆರಿರುತ್ತದೆ. ಪೈರು ಸಿಕ್ಕಿತು, ಹದ ಹೋಯಿತು. ಲೆಕ್ಕ ಹಾಕಿದರೆ ದುಡ್ಡು ಕೊಟ್ಟು ಪೈರು ತರುವುದೇ ಅಗ್ಗ.

ನಮ್ಮ ಅತ್ತೆ ಕಾಲದಲ್ಲಿ ಮುಯ್ಯಾಳು ಇತ್ತು. ಇವತ್ತು ನಾನು ನಿಮ್ಮನೆಗೆ, ನಾಳೆ ನೀವು ನಮ್ಮನೆಗೆ. ಅದು ಸಮ ಇರುವವರ ನಡುವೆ ನಡೆಯುತ್ತದೆ. 26 ಎಕರೆಯವರ ಮನೆಯಿಂದ ಯಾರು ನಮ್ಮ ಮುಕ್ಕಾಲು ಎಕರೆಗೆ ಮುಯ್ಯಿಗೆ ಬರುತ್ತಾರೆ? ನಿಮ್ಮ ಮನೆಯವರು ಬರುತ್ತಾರಾ ತಮ್ಮ? ಬಂದರೆ ಪೈರು ಕೊಡುವುದೂ ಬೇಡ, ನಾನೇ ಒಂದು ಹೊರೆ ಕೊಡುತ್ತೇನೆ.

ಹೊಂಗೆಮರ, ಏಪ್ರಿಲ್ 8

ಅಕ್ಕ, ಇದನ್ನು ಅಮ್ಮನಿಗೆ ಓದಿ ಹೇಳಿದೆ. ಅವರು ತುಂಬಾ ಹೊತ್ತು ಸುಮ್ನೆ ಕೂತಿದ್ದರು. ಆಮೇಲೆ "ನಾವೂ ಅದನ್ನೇ ಮಾಡಿದ್ದೀವಿ ಕಣೋ" ಅಂದರು.

ಎರೆಭೂಮಿ (ನಂಜನಗೂಡು), ಏಪ್ರಿಲ್ 9

ನೀರಿನ ವಿಷಯಕ್ಕೆ ಬರುತ್ತೇನೆ. ನನ್ನದು ಎರಡು ಎಕರೆ ಎರೆಭೂಮಿ, ಮಳೆ ಆಶ್ರಯ. ಪಕ್ಕದ ತೋಟದವರು ಸರ್ಕಾರದ ಕೃಷಿ ಭಾಗ್ಯ ಯೋಜನೆಯಲ್ಲಿ ಮಳೆ ನೀರಿನ ಹೊಂಡ ಮಾಡಿಸಿದರು. 21 ಮೀಟರ್ ಉದ್ದ, ಅಷ್ಟೇ ಅಗಲ, 3 ಮೀಟರ್ ಆಳ. ಕೆಳಗೆ ಪಾಲಿಥಿನ್ ಹಾಳೆ. ಬದಿಯ ಇಳಿಜಾರಿನ ಜಾಗ ಕಳೆದು ಲೆಕ್ಕ ಹಾಕಿದರೆ ಸುಮಾರು 9.8 ಲಕ್ಷ ಲೀಟರ್ ಹಿಡಿಯುತ್ತದೆ.

ಒಂದು ಎಕರೆಗೆ ಒಂದು ಅಂಗುಲ ನೀರು ಕೊಡಬೇಕಾದರೆ ಲಕ್ಷದ ಮೇಲೆ ಸ್ವಲ್ಪ ಲೀಟರ್ ಬೇಕು. ಅಂದರೆ ತುಂಬಿದ ಒಂದು ಹೊಂಡ ಒಂಬತ್ತು ಎಕರೆಗೆ ಒಂದೇ ಒಂದು ಸಲ ನೀರು ಕೊಡುತ್ತದೆ, ಅಷ್ಟೇ. ಕಬ್ಬು, ಭತ್ತಕ್ಕೆ ಇದು ಬಾಯಿ ಒದ್ದೆ ಮಾಡಿಕೊಂಡ ಹಾಗೆ. ಆದರೆ ಹೂ ಬಿಟ್ಟ ಅಲಸಂದೆಗೆ, ಕಾಳು ಕಟ್ಟುತ್ತಿರುವ ರಾಗಿಗೆ, 20 ದಿನ ಮಳೆ ಹೋದಾಗ ಆ ಒಂದು ಅಂಗುಲವೇ ಜೀವ. ಹೊಂಡದ ನೀರು ಅಂದರೆ ಆಪತ್ತಿನ ನೀರು, ದಿನದ ನೀರಲ್ಲ. ಇದು ಅರ್ಥವಾಗದೆ ಎಷ್ಟು ಜನ ಹೊಂಡದ ನೀರನ್ನು ಬಾಳೆಗೆ ಬಿಟ್ಟು ಹದಿನೈದು ದಿನಕ್ಕೆ ಖಾಲಿ ಮಾಡಿದರೋ!

ನಮ್ಮ ಪಕ್ಕದವರು ನಾಲ್ಕು ಜನಕ್ಕೆ ಒಂದೊಂದು ಸಲ ನೀರು ಕೊಡೋಣ ಅಂತ ಒಪ್ಪಿದರು. ಪೈಪು ಅವರದ್ದು, ಡೀಸೆಲ್ ನಮ್ಮದು. 2023ರಲ್ಲಿ ನನ್ನ ಅಲಸಂದೆ ಉಳಿದಿದ್ದು ಅದರಿಂದ. ಜಗಳ ಆಗಿದ್ದು ಎಲ್ಲಿ ಗೊತ್ತಾ? ಯಾರಿಗೆ ಮೊದಲು ಅನ್ನುವುದರಲ್ಲಿ. ಮೊದಲನೆಯವನಿಗೆ ಸಿಕ್ಕಿದ ದಿನ ನಾಲ್ಕನೆಯವನ ಹೊಲದಲ್ಲಿ ಎಲೆ ಸುರುಳಿ ಸುತ್ತಿತ್ತು. ಅವನು ರಾತ್ರಿ ಬಂದು ಪೈಪು ಕಿತ್ತ. ಮುಂದಿನ ವರ್ಷ ಬಿತ್ತನೆಗೆ ಮೊದಲೇ ದೇವಸ್ಥಾನದ ಜಗುಲಿ ಮೇಲೆ ಚೀಟಿ ಎತ್ತಿದೆವು. ಚೀಟಿಯಲ್ಲಿ ಬಂದ ಸರದಿಗೆ ಯಾರೂ ಎದುರು ಮಾತಾಡಲ್ಲ. ಚೀಟಿಯಲ್ಲಿ ಹೊಂಡದ ಯಜಮಾನರ ಹೆಸರೂ ಇತ್ತು, ಅವರಿಗೆ ಮೂರನೇ ಸರದಿ ಬಂತು. ಅವರು ತಪ್ಪಿಸಿಕೊಳ್ಳಲಿಲ್ಲ. ಆಮೇಲೆ ಅವರ ಮೇಲೆ ಊರಿಗೆ ನಂಬಿಕೆ ಕೂತಿತು.

ಹೊಂಡಕ್ಕೆ ಬೇಲಿ ಹಾಕಿಸುವುದು ಮರೆಯಬೇಡಿ. ಪಾಲಿಥಿನ್ ಮೇಲೆ ಕಾಲು ಜಾರಿದರೆ ಈಜು ಬರುವವನೂ ಹತ್ತಲಾರ. ಒಂದು ಹಗ್ಗ ಇಳಿಬಿಟ್ಟಿರಿ.

ಬೆಲ್ಲದಚ್ಚು, ಏಪ್ರಿಲ್ 9

ಅಷ್ಟು ದಿನ ನೀರು ಆವಿಯಾಗಿ ಹೋಗಲ್ವಾ?

ಎರೆಭೂಮಿ, ಏಪ್ರಿಲ್ 9

ಹೋಗುತ್ತದೆ. ದಿನಕ್ಕೆ 5 ಮಿಲಿಮೀಟರ್ ಹಿಡಿದರೂ 2,200 ಲೀಟರ್. ತಿಂಗಳಿಗೆ 66,000. ಅದಕ್ಕೇ ನಾನು ಒಂಬತ್ತು ಎಕರೆ ಲೆಕ್ಕ ಬಿಟ್ಟು ಏಳು ಎಕರೆ ಅಂತ ಹಿಡಿಯುತ್ತೇನೆ.

ಕೊನೆತೂಬು, ಏಪ್ರಿಲ್ 10

ಹೊಂಡ, ಪೈರು ಎಲ್ಲ ಸರಿ. ಹೊಂಗೆಮರ ಅಣ್ಣ, ಒಂದು ನೇರ ಪ್ರಶ್ನೆ. ನಿಮ್ಮ ಒಟ್ಲಿಗೆ ನೀರು ಬರುವ ಬೋರ್ ಎಷ್ಟು ಅಡಿ? ಅದನ್ನು ಹೊಡೆಸಿದ ಮೇಲೆ ಅಕ್ಕಪಕ್ಕದ ಬಾವಿಗಳು ಏನಾದವು?

ಹೊಂಗೆಮರ, ಏಪ್ರಿಲ್ 12

ಎರಡು ದಿನ ತಡ ಮಾಡಿದ್ದಕ್ಕೆ ಕಾರಣ ಇದೆ. ಉತ್ತರ ಬರೆದು ಅಳಿಸಿ, ಬರೆದು ಅಳಿಸಿ ಮಾಡಿದೆ.

2019ರಲ್ಲಿ ಹೊಡೆಸಿದ್ದು, 780 ಅಡಿ. ಎರಡೂವರೆ ಇಂಚು ನೀರು. ನಾನು ಮೊದಲ ಪೋಸ್ಟಿನಲ್ಲಿ ಬರೆದ ಪಕ್ಕದ ಹೊಲದ ಅಣ್ಣನ ತೆರೆದ ಬಾವಿ ಅಲ್ಲಿಂದ ಎರಡು ಗದ್ದೆ ಆಚೆ ಇದೆ. ಮುಂದಿನ ಬೇಸಿಗೆಗೆ ಅದು ಬತ್ತಿತು. ನಮ್ಮ ಬೋರಿನಿಂದಲೇ ಬತ್ತಿತು ಅಂತ ನಾನು ಹೇಳಲಾರೆ, ಆ ಬೇಸಿಗೆ ಬೇರೆಯವರದ್ದೂ ಇಳಿದಿತ್ತು. ಆದರೆ ಸಂಬಂಧ ಇಲ್ಲ ಅಂತಲೂ ಎದೆ ತಟ್ಟಿ ಹೇಳೋಕಾಗಲ್ಲ. ಅವನು ಇಷ್ಟು ವರ್ಷದಲ್ಲಿ ಒಂದು ಸಲವೂ ಆ ಮಾತು ಎತ್ತಿಲ್ಲ.

ಕೊನೆತೂಬು, ಏಪ್ರಿಲ್ 12

ಹೇಳಿಕೊಂಡಿರಲ್ಲ, ಅದೇ ದೊಡ್ಡದು. ಮೊದಲು ಅವನಿಗೆ ನೀರಿನ ಸರದಿ ಕೊಡಿ. ಅದು ಉಪಕಾರ ಅಲ್ಲ, ಬಾಕಿ.

ಇನ್ನೊಂದು. ನಮ್ಮ ತಾಲ್ಲೂಕಿನ ದಾಸನದೊಡ್ಡಿಯ ಕಾಮೇಗೌಡರು ನೆನಪಾಗುತ್ತಾರೆ. ಕುರಿ ಕಾಯುತ್ತಿದ್ದವರು. ಕುಂದೂರು ಬೆಟ್ಟದಲ್ಲಿ ಹತ್ತಕ್ಕೂ ಹೆಚ್ಚು ಕಟ್ಟೆ ತೋಡಿಸಿದರು. ಪಕ್ಷಿ, ಪ್ರಾಣಿಗೆ ನೀರು ಸಿಗಲಿ ಅಂತ. 2022ರಲ್ಲಿ ತೀರಿಕೊಂಡರು. ಅವರ ಹತ್ತಿರ ಎಷ್ಟು ಎಕರೆ ಇತ್ತು ಅಂತ ಯಾರೂ ಕೇಳಲಿಲ್ಲ ನೋಡಿ.

ತರಗು (ಶ್ರೀರಂಗಪಟ್ಟಣ), ಏಪ್ರಿಲ್ 13

ಚಿಕ್ಕದೊಂದು ಸಲಹೆ. ಕಬ್ಬು ಕಡಿದ ಮೇಲೆ ತರಗಿಗೆ ಬೆಂಕಿ ಹಾಕುವ ಬದಲು ಪಕ್ಕದ ತೆಂಗಿನವರಿಗೆ ಬಿಡಿ. ಬುಡಕ್ಕೆ ಹೊದಿಸಿದರೆ ತೇವ ನಿಲ್ಲುತ್ತದೆ. ಖರ್ಚಿಲ್ಲ. ನಾನು ಎರಡು ವರ್ಷದಿಂದ ಬಿಟ್ಟಿದ್ದೇನೆ, ಅವರೇ ಗಾಡಿ ತಂದು ತುಂಬಿಕೊಂಡು ಹೋಗುತ್ತಾರೆ. ಕೂಳೆ ಬೆಳೆಗೆ (ಕಡಿದ ಬುಡದಿಂದ ಮತ್ತೆ ಚಿಗುರುವ ಕಬ್ಬಿಗೆ) ನನಗೂ ಬೇಕು, ಅದಕ್ಕೇ ಅರ್ಧ ಅರ್ಧ.

ಹಸಿರುಕ್ರೆಡಿಟ್ (ಮೈಸೂರು), ಏಪ್ರಿಲ್ 13

ಭತ್ತದ ಗದ್ದೆಯಲ್ಲಿ ನೀರು ನಿಲ್ಲಿಸುವುದರಿಂದ ಮಿಥೇನ್ ಬರುತ್ತದೆ. ಒಣಗಿಸಿ ಒಣಗಿಸಿ ನೀರು ಕೊಟ್ಟರೆ ಕಾರ್ಬನ್ ಕ್ರೆಡಿಟ್ ದುಡ್ಡು, ಅಂದರೆ ಇಂಥ ಅನಿಲ ಕಡಿಮೆ ಮಾಡಿದ್ದಕ್ಕೆ ಕೊಡುವ ದುಡ್ಡು, ಸಿಗುತ್ತದೆ. ದೊಡ್ಡ ರೈತರು ಮುಂದೆ ಬಂದು ಸಣ್ಣವರನ್ನು ಗುಂಪು ಮಾಡಿದರೆ ಎಲ್ಲರಿಗೂ ಲಾಭ.

ಕೊನೆತೂಬು, ಏಪ್ರಿಲ್ 13

ನಾವು ಒಣಗಿಸಿಯೇ ಬೆಳೆಯುತ್ತಿದ್ದೇವೆ ಸ್ವಾಮಿ, ಕೊನೆ ಭಾಗದಲ್ಲಿ. ಯಾವ ಆಫೀಸಿಗೆ ಬಂದು ದುಡ್ಡು ಇಸ್ಕೋಬೇಕು ಹೇಳಿ.

ನಾಟಿರಾಗಿ, ಏಪ್ರಿಲ್ 13

ತಮಾಷೆ ಇರಲಿ, ಆದರೆ ಒಣಗಿಸಿ ನೀರು ಕೊಡುವ ಪದ್ಧತಿಯಲ್ಲಿ ಹುರುಳಿದೆ. ನಾಟಿ ಬೇರು ಬಿಟ್ಟ ಮೇಲೆ ಗದ್ದೆ ಸದಾ ತುಂಬಿರಬೇಕಾಗಿಲ್ಲ, ಹೂ ಬಿಡುವ ಹೊತ್ತಿಗೆ ಮಾತ್ರ ಕೊರತೆ ಆಗಬಾರದು. ಆದರೆ ಒಣಗಿಸಿದ ಮೇಲೆ ಮತ್ತೆ ನೀರು ಸಿಗುತ್ತದೆ ಅನ್ನುವ ನಂಬಿಕೆ ಇರುವವನು ಮಾತ್ರ ಒಣಗಿಸುತ್ತಾನೆ. ಆ ನಂಬಿಕೆ ಇರುವುದು ನಾಲೆಯ ತಲೆ ಭಾಗದವರಿಗೆ. ಬೋರ್ ಇರುವವರಿಗೆ. ಅವರು ಮೊದಲು ಮಾಡಿದರೆ ಕೆಳಗಿನವರಿಗೆ ನೀರು ತಾನಾಗಿ ಬರುತ್ತದೆ. ಕ್ರೆಡಿಟ್ ಬರಲಿ ಬಿಡಲಿ.

ವಾರದಹೊಲ (ಟಿ. ನರಸೀಪುರ), ಏಪ್ರಿಲ್ 15

ಎಲ್ಲ ಓದಿದೆ. ಪೈರು ಯಾರಿಗೆ ಕೊಡುತ್ತೀರಿ ಅಂತ ಪಟ್ಟಿ ಮಾಡುತ್ತೀರಲ್ಲ, ಆ ಪಟ್ಟಿ ಪಹಣಿ ನೋಡಿ ಮಾಡುತ್ತೀರೋ, ಹೊಲ ನೋಡಿ ಮಾಡುತ್ತೀರೋ?

ನನಗೆ ಸ್ವಂತ ಜಮೀನು ಇಲ್ಲ. ಎರಡು ಎಕರೆ ವಾರಕ್ಕೆ, ಅಂದರೆ ಬೆಳೆಯಲ್ಲಿ ಪಾಲು ಕೊಡುವ ಮಾತಿಗೆ, ಮಾಡುತ್ತೇನೆ. ಬಾಯಿ ಮಾತಿನ ಮೇಲೆ. 1974ರ ಭೂ ಸುಧಾರಣೆ ತಿದ್ದುಪಡಿ ಆದ ಮೇಲೆ ಗೇಣಿಗೆ ಕೊಡುವುದೇ ಕಾನೂನಿನಲ್ಲಿ ಇಲ್ಲ, ಹಾಗಾಗಿ ಯಾರೂ ಕಾಗದ ಬರೆದುಕೊಡಲ್ಲ. ಆ ಕಾನೂನಿನಿಂದ ಎಷ್ಟೋ ಜನಕ್ಕೆ ಭೂಮಿ ಬಂತು, ನಿಜ. ಆದರೆ ನನ್ನಂಥವನು ಈಗ ಕಣ್ಣಿಗೇ ಕಾಣಲ್ಲ. ಬೆಳೆ ನಷ್ಟದ ಪರಿಹಾರ ಬಂದರೆ ಪಹಣಿಯಲ್ಲಿರುವವರ ಖಾತೆಗೆ. ಬೆಳೆ ವಿಮೆಯಲ್ಲಿ ಮುಂಗಾರಿನ ಧಾನ್ಯಕ್ಕೆ ರೈತ ಕಟ್ಟುವುದು ನೂರಕ್ಕೆ 2 ರೂಪಾಯಿ ಮಾತ್ರ, ಬಹಳ ಅಗ್ಗ. ಅದನ್ನೂ ನನ್ನ ಹೆಸರಲ್ಲಿ ಕಟ್ಟೋಕೆ ಆಗಿಲ್ಲ. 2023ರಲ್ಲಿ ಬೀಜ, ಗೊಬ್ಬರ, ಬೆವರು ನನ್ನದು. ಪರಿಹಾರ ಜಮೀನಿನವರಿಗೆ ಬಂತು. ಅವರು ಕೊಡಲಿಲ್ಲ, ನಾನು ಕೇಳಲಿಲ್ಲ. ಕೇಳಿದರೆ ಮುಂದಿನ ವರ್ಷ ಹೊಲ ಬೇರೆಯವರಿಗೆ.

ದೊಡ್ಡ ಜಮೀನಿನವರು ಮಾಡಬಹುದಾದ ಕೆಲಸ ಇಲ್ಲೂ ಇದೆ. ಪರಿಹಾರ ಬಂದರೆ ಬೆಳೆದವನಿಗೆ ಇಷ್ಟು ಅಂತ ಬಿತ್ತನೆಗೆ ಮೊದಲೇ ನಾಲ್ಕು ಜನರ ಮುಂದೆ ಹೇಳಬಹುದು. ಖರ್ಚಿಲ್ಲದ ಕೆಲಸ.

ಇನ್ನೊಂದು ಹೇಳುತ್ತೇನೆ, ತಪ್ಪು ತಿಳಿಯಬೇಡಿ. ನಮ್ಮಪ್ಪ ಆ ಮನೆಯವರನ್ನು "ಬುದ್ಧಿ" ಅಂತ ಕರೆಯುತ್ತಿದ್ದ. ನಾನು "ಅಣ್ಣ" ಅಂತೀನಿ. ಆದರೂ ಅವರ ಜಗುಲಿ ಮುಂದೆ ನಿಂತು ಪೈರು ಕೇಳೋಕೆ ನನ್ನ ಕಾಲು ಬರಲ್ಲ. ಪೈರು ಹಂಚುವ ಜಾಗ ನಿಮ್ಮ ಮನೆ ಅಂಗಳ ಆಗದಿರಲಿ. ಡೇರಿ ಮುಂದೆ ಇಡಿ, ಇಲ್ಲ ಒಟ್ಲಿನ ಬದುವಿನ ಮೇಲೆ. ಯಾರು ಬೇಕಾದರೂ ಬರುವಂಥ ಕಡೆ.

ಹೊಂಗೆಮರ, ಏಪ್ರಿಲ್ 15

ಇದು ನನ್ನ ತಲೆಗೆ ಹೊಳೆದೇ ಇರಲಿಲ್ಲ. ನಮ್ಮ ಪಟ್ಟಿಯಲ್ಲಿ ಏಳು ಮನೆ ಇತ್ತು. ಏಳೂ ನಮ್ಮ ಬೀದಿಯವೇ. ಈಗ ಮತ್ತೆ ಬರೆಯಬೇಕು.

ಅಕ್ಕಡಿಸಾಲು (ಕೆ.ಆರ್. ಪೇಟೆ), ಏಪ್ರಿಲ್ 17

ರಾಗಿ ಪೈರು ಒಂದೇ ಯಾಕೆ? ಹಿಂದೆ ರಾಗಿ ಹೊಲ ಅಂದರೆ ಅಕ್ಕಡಿ ಇಲ್ಲದೆ ಇರುತ್ತಿರಲಿಲ್ಲ. ಸಾಲಿಗೆ ಅವರೆ, ತೊಗರಿ, ಹುಚ್ಚೆಳ್ಳು, ಅಂಚಿಗೆ ಜೋಳ. ರಾಗಿ ಹೋದರೂ ತೊಗರಿ ಬೇರು ಆಳಕ್ಕೆ ಹೋಗಿ ನಿಲ್ಲುತ್ತಿತ್ತು. ಅವರೆ ಸೊಗಡಿಗೆ ಇಬ್ಬನಿ ಸಾಕಿತ್ತು. ಈಗ ಕಳೆನಾಶಕ ಹೊಡೆಯುವುದಕ್ಕೆ ಅಡ್ಡ ಅಂತ ಅಕ್ಕಡಿ ಹೋಯಿತು, ಬೀಜವೂ ಮನೆಯಿಂದ ಹೋಯಿತು. ಪೈರಿನ ಜತೆ ಒಂದೊಂದು ಸೇರು ಅಕ್ಕಡಿ ಬೀಜವೂ ಕೊಡಿ.

ಬೀಜ ಉಳಿಸಿಕೊಳ್ಳುವುದಕ್ಕೆ ಸ್ವಲ್ಪ ಜಾಗ ಬೇಕು, ಅದು ಎರಡು ಎಕರೆಯವನಿಗೆ ಕಷ್ಟ. ಕಿರುಗಾವಲಿನ ಸೈಯದ್ ಘನಿ ಖಾನ್ ಅವರು ನೂರಾರು ದೇಸಿ ಭತ್ತದ ತಳಿಗಳನ್ನು ತಮ್ಮ ಗದ್ದೆಯಲ್ಲಿ ವರ್ಷ ವರ್ಷ ಬೆಳೆದು ಉಳಿಸಿದ್ದಾರೆ. ಹೋಗಿ ನೋಡಿ ಬನ್ನಿ. ಅವರ ಗದ್ದೆ ನೋಡಿದ ಮೇಲೆ ನನಗೆ ಅನಿಸಿದ್ದು, ಜಾಗ ಇರುವವನು ಒಂದು ಮೂಲೆಯನ್ನು ಊರಿನ ಬೀಜಕ್ಕೆ ಅಂತ ಬಿಟ್ಟರೆ ಅವನ ಗಂಟೇನೂ ಹೋಗಲ್ಲ.

ಬೆಲ್ಲದಚ್ಚು, ಏಪ್ರಿಲ್ 17

ಟ್ರ್ಯಾಕ್ಟರ್ ಮಾತು ಯಾರೂ ಮುಗಿಸಲಿಲ್ಲ. ಬಾಡಿಗೆ ನೂರು ಕಡಿಮೆ ಮಾಡುವುದು ಬೇಡ. ಹದದ ದಿನ ಕೊಡಿ, ಸಾಕು. ಯಂತ್ರ ಬಾಡಿಗೆಗೆ ಕೊಡುವ ಸರ್ಕಾರದ ಯಂತ್ರಧಾರೆಗೆ ಹೋದರೆ ಅಲ್ಲೂ ಆ ದಿನವೇ ಎಲ್ಲರೂ ಸಾಲು ನಿಂತಿರುತ್ತಾರೆ.

ಹೊಂಗೆಮರ, ಜುಲೈ 27

ಮೂರು ತಿಂಗಳು ಆಯಿತು. ಏನಾಯಿತು ಅಂತ ಬರೆಯುತ್ತೇನೆ.

ಮೊದಲಿಗೆ, ನನ್ನ ಲೆಕ್ಕ ಪೂರ್ತಿ ತಲೆಕೆಳಗಾಯಿತು. ನಾನು ಮಳೆ ತಡವಾಗುತ್ತದೆ ಅಂತ ಕೂತಿದ್ದೆ. ಮುಂಗಾರು ಮೇ 24ಕ್ಕೇ ಕೇರಳಕ್ಕೆ ಬಂತು. ಕನ್ನಂಬಾಡಿ ಕಟ್ಟೆ ಅದರ ಚರಿತ್ರೆಯಲ್ಲೇ ಮೊದಲ ಸಲ ಜೂನ್ ತಿಂಗಳಲ್ಲಿ ತುಂಬಿತು, ಜೂನ್ 30ಕ್ಕೆ ಬಾಗಿನವೂ ಆಯಿತು. ಅಪ್ಪ ಒಟ್ಲಿನ ಹತ್ತಿರ ಬಂದು, "ಯಾರಿಗೋ ಬರ ಬರ್ಲಿ ಅಂತ ಕಾಯ್ತಾ ಕೂತಿದ್ದೀಯಾ?" ಅಂತ ನಕ್ಕರು. ಮೊದಲ ಮಡಿ ಎಮ್ಮೆಗೇ ಹೋಯಿತು.

ಆದರೆ ಕಟ್ಟೆ ತುಂಬಿದ್ದು ಕೊಡಗಿನ ಮಳೆಗೆ. ನಮ್ಮ ಖುಷ್ಕಿ ಮೇಲೆ ಜೂನ್ ಕೊನೆಯಿಂದ 19 ದಿನ ಒಂದು ಹನಿ ಇಲ್ಲ. ನಾಲೆಯಲ್ಲಿ ನೀರು ತುಂಬಿ ಹರಿಯುತ್ತಿದೆ, ಒಂದು ಮೈಲಿ ಮೇಲಿನ ಹೊಲದಲ್ಲಿ ಬಿತ್ತಿದ ರಾಗಿ ಒಣಗುತ್ತಿದೆ. ಬೇಗ ಮಳೆ ಬಂತು ಅಂತ ಬೇಗ ಬಿತ್ತಿದವರೇ ಕೆಟ್ಟರು. ಕಳೆದ ವಾರ ಹದವಾಯಿತು. ಆಗ ಎರಡನೇ ಮಡಿ 23 ದಿನದ್ದು. ನಾಟಿರಾಗಿ ಸರ್, ನಿಮ್ಮ ಹದಿನೈದು ದಿನದ ಲೆಕ್ಕ ನಮ್ಮನ್ನು ಉಳಿಸಿತು.

ಒಂಬತ್ತು ಮನೆಗೆ ಕೊಟ್ಟೆವು, ಅದರಲ್ಲಿ ನಾಲ್ಕು ಮನೆ ಆಚೆ ಕೇರಿಯವು. ಎರಡು ಮನೆಯವರು ವಾರಕ್ಕೆ ಮಾಡುವವರು. ರೇಟು ಮೇ ತಿಂಗಳಲ್ಲೇ ಹೇಳಿದ್ದೆವು, ಎಕರೆ ಪೈರಿಗೆ 600 ರೂಪಾಯಿ, ಕೊಯ್ಲಿನ ಮೇಲೆ ಕೊಟ್ಟರೂ ಆಯಿತು. ಆಳಿನ ಮಾತು ಎತ್ತಲಿಲ್ಲ. ಅದರಿಂದ ನಮ್ಮ ನಾಟಿಗೇ ಆಳು ಸಿಗದೆ ಎರಡು ದಿನ ತಡವಾಯಿತು, ಅದನ್ನೂ ಹೇಳಿಬಿಡಬೇಕು. ಚಿಕ್ಕಪ್ಪ ಆ ಎರಡು ದಿನ ನನ್ನ ಜತೆ ಮಾತಾಡಲಿಲ್ಲ.

ಟ್ರ್ಯಾಕ್ಟರ್ ಹದವಾದ ದಿನ ಬೆಳಗ್ಗೆ ನಮಗೆ, ಮಧ್ಯಾಹ್ನದಿಂದ ಚೀಟಿ ಸರದಿ ಅಂತ ಮಾಡಿದೆವು. ಇದು ಸರಿ ಹೋಗಲಿಲ್ಲ. ಮೊದಲ ದಿನವೇ ರೋಟವೇಟರ್ ಬ್ಲೇಡು ಮುರಿಯಿತು, ಐದನೇ ಸರದಿಯವರ ಹೊಲದಲ್ಲಿ, ಕಲ್ಲಿಗೆ ಬಡಿದು. ಯಾರು ಕಟ್ಟಬೇಕು? ಮೊದಲೇ ಮಾತಾಡಿರಲಿಲ್ಲ. ನಾವೇ ಹಾಕಿಸಿದೆವು. ಆರು, ಏಳನೇ ಸರದಿಯವರಿಗೆ ಉಳುಮೆಯೇ ಸಿಗಲಿಲ್ಲ, ಅವರು ಎತ್ತಿನಲ್ಲಿ ಹೊಡೆದುಕೊಂಡರು.

ಬಾವಿಯ ಅಣ್ಣನ ವಿಷಯ. ಅವನ ಹೊಲಕ್ಕೆ ನಮ್ಮ ಬೋರಿನಿಂದ ಪೈಪು ಎಳೆದು ಒಂದು ವಾಲ್ವ್ ಇಟ್ಟಿದ್ದೇವೆ. ವಾರಕ್ಕೆ ಒಂದು ರಾತ್ರಿ ಅವನದ್ದು. ಮೊದಲ ರಾತ್ರಿ ಅವನು ಬರಲಿಲ್ಲ. ಎರಡನೇ ವಾರ ಬಂದ, ವಾಲ್ವ್ ತಿರುಗಿಸಿ, ಬದು ಮೇಲೆ ಬೀಡಿ ಹಚ್ಚಿಕೊಂಡು ಕೂತ. ನಾನು ಬಾವಿ ಮಾತು ಎತ್ತಬೇಕು ಅಂತ ಹೋಗಿದ್ದೆ. ಅವನೇ, "ಆ ಕಡೆ ಪೈಪ್ ಜಾಯಿಂಟು ಸೋರ್ತಾ ಅದೆ, ನಾಳೆ ಎಂಸೀಲ್ ತಕಂಬಾ" ಅಂದ.

ಹೊಲದಮನೆ ಅಕ್ಕ, ಜುಲೈ 27

ನಾಟಿಗೆ ಎರಡು ದಿನ ತಡ ಆದದ್ದನ್ನು ಬರೆದಿರಲ್ಲ, ಸಂತೋಷ. ನಿಮ್ಮ ಅಮ್ಮನಿಗೆ ನಮಸ್ಕಾರ ಹೇಳಿ.

ವಾರದಹೊಲ, ಜುಲೈ 28

ಅಣ್ಣ, ಹಂಚಿದ್ದು ಎಲ್ಲಿ?

ಹೊಂಗೆಮರ, ಜುಲೈ 28

ಒಟ್ಲಿನ ಬದುವಿನ ಮೇಲೆ. ಬೆಳಗ್ಗೆ ಆರರಿಂದ. ಮೂರನೇ ಮಡಿಯಲ್ಲಿ ಜಿಪಿಯು-48 ಪೈರು ಇನ್ನೂ ಎರಡು ಎಕರೆಗೆ ಆಗುವಷ್ಟಿದೆ, ಆಗಸ್ಟ್ 10ರ ಹೊತ್ತಿಗೆ ಕೀಳಬಹುದು. ನಮ್ಮೂರಲ್ಲಿ ಯಾರಿಗೂ ಬೇಡ. ಈ ಕಡೆ ಯಾರಿಗಾದರೂ ಬೇಕಾದರೆ ಹೇಳಿ.

ಕೊನೆತೂಬು, ಜುಲೈ 28

ನನ್ನ ಭಾವಮೈದ ಚಿನಕುರಳಿ ಹತ್ತಿರ ಇದ್ದಾನೆ, ಒಂದು ಎಕರೆ ಖಾಲಿ ಬಿದ್ದಿದೆ. ಕಳಿಸಲಾ?

ಹೊಂಗೆಮರ, ಜುಲೈ 28

ಕಳಿಸಿ. ಗೋಣಿತಾಟು ಅವರೇ ನೆನೆಸಿಕೊಂಡು ತರಲಿ, ಬಿಸಿಲಲ್ಲಿ ಬೇರು ಒಣಗಬಾರದು.